ಆರಕ್ಕೇರದ, ಮೂರಕ್ಕಿಳಿಯದ ಬೆವರು

1954ರ ಏಪ್ರಿಲ್ ತಿಂಗಳು. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಓದುತ್ತಿದ್ದ 25ರ ಹರೆಯದ ರೋಜರ್ ಬ್ಯಾನಿಸ್ಟರ್ ಬರೀ ಒಂದೆರಡು ಸೆಕೆಂಡಿಗಾಗಿ ಹೈರಾಣಾಗಿ ಹೋಗಿದ್ದರು. ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಬೇಕೆಂಬುದು ಅವರ ಹಟ. ಲೆಕ್ಕ ಸರಳ: 440 ಗಜದ ನಾಲ್ಕು ಸುತ್ತು, ಸರಾಸರಿ ಸುತ್ತಿಗೆ 60 ಸೆಕೆಂಡಿಗಿಂತ ಕಡಿಮೆ. ಅದಕ್ಕಾಗಿ ಗೆಳೆಯರೊಂದಿಗೆ ಚಳಿಗಾಲವಿಡೀ ಒಂದು ತಾಲೀಮು ನಡೆದಿತ್ತು. 440 ಗಜ ಓಡುವುದು, ಎರಡು ನಿಮಿಷ ಸುಧಾರಿಸಿಕೊಳ್ಳುವುದು, ಮತ್ತೆ ಓಡುವುದು, ಹೀಗೆ ಹತ್ತು ಸಲ. ಡಿಸೆಂಬರ್‌ನಲ್ಲಿ ಸುತ್ತಿಗೆ 66 ಸೆಕೆಂಡು ಬೇಕಾಗುತ್ತಿತ್ತು. ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದು 61ಕ್ಕೆ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಎಷ್ಟು ಹಲ್ಲು ಕಚ್ಚಿದರೂ ಗಡಿಯಾರ 61 ಎಂದೇ ಹೇಳುತ್ತಿತ್ತು.

ಬ್ಯಾನಿಸ್ಟರ್ ಮತ್ತು ಕ್ರಿಸ್ ಬ್ರಾಷರ್ ಆಗ ಮಾಡಿದ ಕೆಲಸವನ್ನು ಯಾವ ಕೋಚ್ ಕೂಡ ಒಪ್ಪುತ್ತಿರಲಿಲ್ಲ. ಕಾರು ಹತ್ತಿ ಸ್ಕಾಟ್ಲೆಂಡಿನ ಗ್ಲೆನ್ ಕೋ ಕಣಿವೆಗೆ ಹೋಗಿ ಬಂಡೆ ಹತ್ತತೊಡಗಿದರು. ಕಾಲು ಜಾರಿದ್ದರೆ ಆ ವರ್ಷದ ಓಟವೇ ಮುಗಿದಂತೆ. ಕೆಲವು ದಿನ ಓಟದ ಮಾತಿಲ್ಲ, ಗಡಿಯಾರವಿಲ್ಲ. ವಾಪಸ್ ಬಂದು, ದಣಿವಾರಿಸಿಕೊಂಡು ಮೈದಾನಕ್ಕಿಳಿದರೆ ಹತ್ತು ಸುತ್ತೂ 59 ಸೆಕೆಂಡಿನ ಆಸುಪಾಸಿನಲ್ಲಿ ಮುಗಿದವು. ಮೇ 6ರಂದು ಆಕ್ಸ್‌ಫರ್ಡ್‌ನ ಇಫ್ಲಿ ರಸ್ತೆಯ ಟ್ರ್ಯಾಕಿನಲ್ಲಿ ಬ್ಯಾನಿಸ್ಟರ್ 3 ನಿಮಿಷ 59.4 ಸೆಕೆಂಡಿನಲ್ಲಿ ಮೈಲಿ ಓಡಿದರು. ಆ ಓಟಕ್ಕೂ ಮುನ್ನ ಕೆಲ ದಿನ ಅವರು ತಾಲೀಮನ್ನು ಪೂರ್ತಿ ನಿಲ್ಲಿಸಿದ್ದರು.

ಈ ಕಥೆಯನ್ನು ಫಿಟ್‌ನೆಸ್ ಲೋಕದಲ್ಲಿ ‘ಸುಸ್ತಾದರೆ ರಜೆ ಹಾಕಿ’ ಎಂಬ ಉಪದೇಶಕ್ಕೆ ಬಳಸುವುದುಂಟು. ಅದು ಅರ್ಧ ಸತ್ಯ. ಬ್ಯಾನಿಸ್ಟರ್ ರಜೆ ಹಾಕಿದ್ದು ನಾಲ್ಕು ತಿಂಗಳು ಎಡೆಬಿಡದೆ ದುಡಿದ ಮೇಲೆ. ದೇಹದೊಳಗೆ ಗಳಿಕೆ ಕೂಡಿತ್ತು, ಅದರ ಮೇಲೆ ದಣಿವಿನ ಹೊದಿಕೆ ಬಿದ್ದಿತ್ತು. ಹೊದಿಕೆ ಸರಿದದ್ದೇ ಎರಡು ಸೆಕೆಂಡು ಕಳಚಿ ಬಿತ್ತು. ವರ್ಷದಿಂದ ಟ್ರೆಡ್‌ಮಿಲ್ಲನ್ನು ಗಂಟೆಗೆ ಐದೂವರೆ ಕಿಲೋಮೀಟರ್ ವೇಗಕ್ಕಿಟ್ಟು, ಎದುರಿಗೆ ಮೊಬೈಲ್ ಆನಿಸಿಕೊಂಡು ಸೀರಿಯಲ್ ನೋಡುತ್ತ ನಡೆಯುವವರೂ ‘ಯಾಕೋ ಏನೂ ಬದಲಾಗ್ತಿಲ್ಲ, ಸ್ಟಕ್ ಆಗಿದೀನಿ’ ಎನ್ನುತ್ತಾರೆ. ಅವರಿಗೆ ಬೇಕಾದ್ದು ಸ್ಕಾಟ್ಲೆಂಡ್ ಅಲ್ಲ.

ಹೀಗೆ ನಿಂತು ಹೋಗುವುದರಲ್ಲಿ ಎರಡು ಬಗೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಮದ್ದು ಮಾತ್ರ ತದ್ವಿರುದ್ಧ. ಒಬ್ಬರಿಗೆ ಹೆಚ್ಚು ಬೇಕು, ಇನ್ನೊಬ್ಬರಿಗೆ ಕಡಿಮೆ ಬೇಕು. ಜಿಮ್‌ಗಳ ಗೋಡೆ ಬರಹ, ಟ್ರೈನರ್‌ಗಳ ಪ್ಯಾಕೇಜು, ಪುಡಿ ಡಬ್ಬಿಗಳ ಜಾಹೀರಾತು ಎಲ್ಲವೂ ಎಲ್ಲರಿಗೂ ‘ಇನ್ನಷ್ಟು’ ಎಂಬುದನ್ನೇ ಮಾರುತ್ತವೆ. ತಕರಾರು ಇರುವುದು ಇಲ್ಲೇ.

ಹೊಸದರಲ್ಲಿ ಎಲ್ಲವೂ ಸಲೀಸು

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಜನವರಿಯಲ್ಲಿ ಜಿಮ್ ಸೇರಿದವರ ಉತ್ಸಾಹವೂ ಅಂಥದ್ದೇ, ಮತ್ತು ಅದಕ್ಕೆ ಕಾರಣವೂ ಇದೆ. ಮೊದಲ ವಾರಗಳಲ್ಲಿ ಫಲಿತಾಂಶ ಕಣ್ಣಿಗೆ ರಾಚುತ್ತದೆ. 20 ಕೆ.ಜಿ. ಎತ್ತಲು ತಿಣುಕುತ್ತಿದ್ದವರು ತಿಂಗಳೊಪ್ಪತ್ತಿನಲ್ಲಿ 30 ಎತ್ತುತ್ತಾರೆ. ತೋಳು ಅಷ್ಟು ಬೇಗ ದಪ್ಪಗಾಗುವುದಿಲ್ಲ. 1979ರಲ್ಲಿ ಮೊರಿತಾನಿ ಮತ್ತು ಡಿ ವ್ರೀಸ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಶುರುವಿನ ಬಲದಲ್ಲಿ ದೊಡ್ಡ ಪಾಲು ನರಮಂಡಲದ್ದು. ಇದ್ದ ಸ್ನಾಯುವನ್ನೇ ಒಟ್ಟಾಗಿ ದುಡಿಸುವುದನ್ನು ಮಿದುಳು ಕಲಿಯುತ್ತದೆ. ಸ್ನಾಯು ಬೆಳೆಯುವ ಸರದಿ ಆಮೇಲೆ, ಅದು ನಿಧಾನದ ಕೆಲಸ. ಮೂರನೆಯ ತಿಂಗಳ ಹೊತ್ತಿಗೆ ಸುಲಭದ ಗಳಿಕೆ ಮುಗಿದಿರುತ್ತದೆ. ಅದನ್ನು ಸೋಲೆಂದುಕೊಂಡು ಬಿಟ್ಟು ಹೋಗುವವರೇ ಹೆಚ್ಚು. ಶಿವರಾತ್ರಿಯ ಹೊತ್ತಿಗೆ ಜಿಮ್‌ಗಳಲ್ಲಿ ಯಂತ್ರಗಳು ಖಾಲಿ ಸಿಗತೊಡಗುವುದು ಹೀಗೆ.

ಉಳಿದವರು ಏನು ಮಾಡುತ್ತಾರೆ? ಅದೇ ತೂಕ, ಅದೇ ಹತ್ತು ರೆಪ್ಸ್, ಅದೇ ಕ್ರಮ. ದೇಹಕ್ಕೆ ಬದಲಾಗುವ ಕಾರಣವೇ ಇರುವುದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಷಿಕಾಗೋದ ಗಾರ್ಡಿನರ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರನ್ನು ನೋಡಿಕೊಳ್ಳುತ್ತಿದ್ದರು. ಹಗುರ ಭಾರವನ್ನು ಲೆಕ್ಕವಿಲ್ಲದಷ್ಟು ಸಲ ಎತ್ತಿಸುವುದು ಆಗಿನ ಪದ್ಧತಿ. ಸ್ವತಃ ಭಾರ ಎತ್ತುವ ಹವ್ಯಾಸವಿದ್ದ ಡಿಲಾರ್ಮ್ ಅದನ್ನು ತಲೆಕೆಳಗು ಮಾಡಿದರು. ಹತ್ತು ಸಲ ಮಾತ್ರ ಎತ್ತಲಾಗುವಷ್ಟು ಭಾರ ಕೊಡಿ, ಅದು ಸಲೀಸಾದ ಮೇಲೆ ಭಾರ ಏರಿಸಿ, ಇಷ್ಟೇ. 1945ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತು ಯಾವ ಜಿಮ್‌ಗೆ ಹೋದರೂ ಕಿವಿಗೆ ಬೀಳುವ ‘ಮೂರು ಸೆಟ್, ಹತ್ತು ರೆಪ್ಸ್’ ಮಂತ್ರದ ಬೇರು ಡಿಲಾರ್ಮ್ ಕೆಲಸದಲ್ಲಿದೆ. ಮಂತ್ರ ಉಳಿಯಿತು, ಭಾರ ಏರಿಸಬೇಕೆಂಬ ಭಾಗ ಅನೇಕ ಕಡೆ ಮರೆತು ಹೋಯಿತು.

ಏರಿಸಲು ಹೊರಟವರಿಗೂ ಒಂದು ಚಿಕ್ಕ ತೊಡಕಿದೆ. ಕಬ್ಬಿಣದ ತಟ್ಟೆಗಳ ಸ್ಟ್ಯಾಂಡಿನ ಮುಂದೆ ನಿಂತು ನೋಡಿದರೆ ಅದು ಗೊತ್ತಾಗುತ್ತದೆ. ಎಷ್ಟೋ ಸಾಧಾರಣ ಜಿಮ್‌ಗಳಲ್ಲಿ ಸಿಗುವ ಅತಿ ಚಿಕ್ಕ ತಟ್ಟೆ 2.5 ಕೆ.ಜಿ.ಯದ್ದು. ಎರಡೂ ಬದಿಗೆ ಒಂದೊಂದು ಹಾಕಿದರೆ 5 ಕೆ.ಜಿ. 80 ಕೆ.ಜಿ. ಸ್ಕ್ವಾಟ್ ಮಾಡುವ ಯುವಕನಿಗೆ ಅದು ಶೇ 6ರಷ್ಟು ಏರಿಕೆ, ನಿಭಾಯಿಸಬಹುದು. 20 ಕೆ.ಜಿ.ಯ ಖಾಲಿ ಸಲಾಕೆಯನ್ನು ತಲೆಯ ಮೇಲೆ ಎತ್ತುವ ಮಹಿಳೆಗೆ ಅದೇ 5 ಕೆ.ಜಿ. ಎಂದರೆ ಶೇ 25ರ ಜಿಗಿತ. 5 ಕೆ.ಜಿ. ಡಂಬೆಲ್ ಬಿಟ್ಟು 7.5ಕ್ಕೆ ಕೈ ಹಾಕಿದರೆ ಒಂದೇ ಏಟಿಗೆ ಶೇ 50. ಹೀಗಾಗಿ ಭುಜದ ವ್ಯಾಯಾಮ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ, ಅದರಲ್ಲೂ ಮಹಿಳೆಯರಿಗೆ. ಅವರು ತಮ್ಮ ತೋಳಿನಲ್ಲಿ ಕಸುವಿಲ್ಲ ಎಂದುಕೊಳ್ಳುತ್ತಾರೆ. ಕೊರತೆ ಇರುವುದು ತಟ್ಟೆಗಳ ಸ್ಟ್ಯಾಂಡಿನಲ್ಲಿ. ತೂಕ ಏರಿಸಲಾಗದಿದ್ದಾಗ ರೆಪ್ಸ್ ಏರಿಸುವುದು ದಾರಿ. ಎಂಟರಿಂದ ಹನ್ನೆರಡಕ್ಕೆ ಹೋಗಿ, ಹನ್ನೆರಡು ಸಲೀಸಾದ ಮೇಲೆ ತೂಕ ಏರಿಸಿ ಮತ್ತೆ ಎಂಟಕ್ಕೆ ಇಳಿಯುವುದು. ಇದಕ್ಕೆ ಒಂದು ನೋಟ್‌ಬುಕ್ ಬೇಕು. ಕಳೆದ ವಾರ ಎಷ್ಟು ಎತ್ತಿದ್ದೆನೆಂಬುದು ನೆನಪಿಲ್ಲದವರು ತಾವು ನಿಂತಿದ್ದೇವೋ ಮುಂದೆ ಹೋಗುತ್ತಿದ್ದೇವೋ ಹೇಳಲಾರರು.

‘ನನ್ನ ಬಾಡಿ ಟೈಪೇ ಹೀಗೆ, ವ್ಯಾಯಾಮ ಹತ್ತೋದಿಲ್ಲ’ ಎನ್ನುವವರಿಗೂ ಉತ್ತರ ಸಿಕ್ಕಿದೆ. ಒಂದೇ ತರಬೇತಿಗೆ ಎಲ್ಲರ ದೇಹ ಒಂದೇ ರೀತಿ ಸ್ಪಂದಿಸುವುದಿಲ್ಲ ಎಂಬುದು ನಿಜ, ಅದರಲ್ಲಿ ವಂಶವಾಹಿಯ ಪಾತ್ರವೂ ಇದೆ. ಆದರೆ 2017ರಲ್ಲಿ ಪ್ರಕಟವಾದ ಮೊಂಟೆರೊ ಮತ್ತು ಲುಂಡ್ಬಿ ಅಧ್ಯಯನದಲ್ಲಿ 78 ಆರೋಗ್ಯವಂತರನ್ನು ಐದು ಗುಂಪು ಮಾಡಿ, ವಾರಕ್ಕೆ ಒಂದು ಗಂಟೆಯಿಂದ ಐದು ಗಂಟೆಯವರೆಗೆ ಆರು ವಾರ ವ್ಯಾಯಾಮ ಮಾಡಿಸಲಾಯಿತು. ಕಡಿಮೆ ಹೊತ್ತು ಮಾಡಿದ ಗುಂಪುಗಳಲ್ಲಿ ಸಾಮರ್ಥ್ಯ ಹೆಚ್ಚದವರು ಅನೇಕರಿದ್ದರು. ನಾಲ್ಕು ಮತ್ತು ಐದು ಗಂಟೆಯ ಗುಂಪುಗಳಲ್ಲಿ ಅಂಥವರು ಒಬ್ಬರೂ ಸಿಗಲಿಲ್ಲ. ಪ್ರಗತಿ ಕಾಣದವರಿಗೆ ವಾರಕ್ಕೆ ಇನ್ನೆರಡು ಗಂಟೆ ಸೇರಿಸಿ ಮತ್ತೆ ಆರು ವಾರ ಮಾಡಿಸಿದಾಗ ಅವರದ್ದೂ ಸಾಮರ್ಥ್ಯ ಏರಿತು. ಮೊದಲ ಬಗೆಯವರಿಗೆ, ಅಂದರೆ ಸಾಕಷ್ಟು ಮಾಡದೆ ನಿಂತವರಿಗೆ, ಮದ್ದು ನಿಜವಾಗಿಯೂ ‘ಇನ್ನಷ್ಟು’.

ತೂಕದ ಯಂತ್ರದ ಮುಂದೆ

ತೂಕ ಇಳಿಸಲು ಹೊರಟವರ ಕಥೆ ಬೇರೆ. ಅಲ್ಲಿ ಮುಳ್ಳು ನಿಲ್ಲುವುದು ಹೆಚ್ಚುಕಡಿಮೆ ಖಚಿತ. 85 ಕೆ.ಜಿ. ಇದ್ದವರು 75ಕ್ಕೆ ಬಂದರೆ ಅದೇ ನಡಿಗೆಗೆ ಖರ್ಚಾಗುವ ಶಕ್ತಿ ಕಡಿಮೆ, ಹೊತ್ತು ನಡೆಯಬೇಕಾದ ಭಾರವೇ ಕಡಿಮೆಯಾಗಿರುತ್ತದಲ್ಲ. ಅದರ ಮೇಲೆ ದೇಹ ತಾನಾಗಿಯೂ ಕೈ ಬಿಗಿ ಹಿಡಿಯುತ್ತದೆ. ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಟಿವಿ ಸ್ಪರ್ಧೆಯಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಕೆವಿನ್ ಹಾಲ್ ತಂಡ ಆರು ವರ್ಷದ ಬಳಿಕ ಮತ್ತೆ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಸ್ಪರ್ಧೆಯಲ್ಲಿ ಸರಾಸರಿ 58 ಕೆ.ಜಿ. ಕಳೆದುಕೊಂಡಿದ್ದವರು 41 ಕೆ.ಜಿ. ವಾಪಸ್ ಗಳಿಸಿದ್ದರು. ಅವರ ದೇಹ ಸುಮ್ಮನೆ ಕೂತಾಗ ಖರ್ಚು ಮಾಡುವ ಶಕ್ತಿ, ಆ ತೂಕದವರಿಗೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲರಿ ಕಡಿಮೆಯಿತ್ತು. ಕ್ಯಾಮೆರಾ ಮುಂದೆ ದಿನವಿಡೀ ಬೆವರು ಹರಿಸಿ, ಅರೆಹೊಟ್ಟೆ ಉಂಡು ಇಳಿಸಿದ ತೂಕದ ಪಾಡು ಇದು. ನಮ್ಮಲ್ಲಿ ಮದುವೆಗೆ ಮೂರು ತಿಂಗಳಿರುವಾಗ ಅನ್ನ ಬಿಟ್ಟು ಎರಡು ಹೊತ್ತು ಕಾರ್ಡಿಯೋ ಶುರು ಮಾಡುವವರು ಈ ವರದಿಯನ್ನು ಓದಿದರೆ ಒಳ್ಳೆಯದು.

ಮೈ ಮಾತಾಡುವಾಗ

ಇನ್ನು ಎರಡನೆಯ ಬಗೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ಆರಕ್ಕೆ ಓಡುವವರಲ್ಲಿ ಅಂಥವರು ಸಿಗುತ್ತಾರೆ. ಬೆಳಿಗ್ಗೆ ಓಟ, ಸಂಜೆ ಜಿಮ್, ರಾತ್ರಿ ಹನ್ನೊಂದರವರೆಗೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್, ಐದು ಗಂಟೆ ನಿದ್ದೆ. ಗಡಿಯಾರ, ಆ್ಯಪ್, ಓಟದ ವಾಟ್ಸ್‌ಆ್ಯಪ್ ಗುಂಪು ಮೂರೂ ಬೆನ್ನಿಗೆ ಬಿದ್ದಿರುತ್ತವೆ. ನಗರದ 10ಕೆ ಓಟದಲ್ಲಿ ಹೋದ ವರ್ಷಕ್ಕಿಂತ ನಿಧಾನವಾದರೆ ಮಾಡುವ ಮೊದಲ ಕೆಲಸವೆಂದರೆ ವಾರಕ್ಕೆ ಇನ್ನೊಂದು ದಿನ ಸೇರಿಸುವುದು.

1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ ಇಲಿಗಳಿಗೆ ಚಳಿ, ಗಾಯ, ಅತಿ ದುಡಿಮೆ, ವಿಷ ಹೀಗೆ ನಾನಾ ಕಾಟ ಕೊಟ್ಟು ನೋಡಿದರು. ಕಾಟ ಯಾವುದಾದರೂ ದೇಹದ ಪ್ರತಿಕ್ರಿಯೆಗೆ ಒಂದು ಸಾಮಾನ್ಯ ಜಾಡಿತ್ತು: ಮೊದಲು ಗಾಬರಿ, ಆಮೇಲೆ ಎದುರಿಸಿ ನಿಲ್ಲುವುದು, ಕಾಟ ನಿಲ್ಲದಿದ್ದರೆ ಕೊನೆಗೆ ಬಳಲಿ ಬೀಳುವುದು. ಕ್ರೀಡಾ ತರಬೇತುದಾರರು ಇದರಿಂದ ಕಲಿತ ಪಾಠ ಒಂದೇ, ವ್ಯಾಯಾಮವೂ ದೇಹಕ್ಕೆ ಒಂದು ಕಾಟವೇ. ಆಫೀಸಿನ ಒತ್ತಡ, ಮಗುವಿನ ಜ್ವರ, ಕೆಟ್ಟ ನಿದ್ದೆ, ಬೆಳಗಿನ ಓಟ ಎಲ್ಲವೂ ಒಂದೇ ಖಾತೆಯಿಂದ ಹಣ ತೆಗೆಯುತ್ತವೆ. ವ್ಯಾಯಾಮ ಮಾಡುವಾಗ ದೇಹ ಬಲಗೊಳ್ಳುವುದಿಲ್ಲ, ಸುಧಾರಿಸಿಕೊಳ್ಳುವಾಗ ಬಲಗೊಳ್ಳುತ್ತದೆ.

ಯುರೋಪಿನ ಕ್ರೀಡಾ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆ 2013ರಲ್ಲಿ ಜಂಟಿಯಾಗಿ ಹೊರಡಿಸಿದ ಹೇಳಿಕೆ ಈ ಬಳಲಿಕೆಯನ್ನು ಮೂರು ಹಂತವಾಗಿ ನೋಡುತ್ತದೆ. ಮೊದಲನೆಯದು ಕೆಲ ದಿನ ಅಥವಾ ವಾರಗಳಲ್ಲಿ ಸರಿಹೋಗುವಂಥದ್ದು. ಬ್ಯಾನಿಸ್ಟರ್ ಅವರದ್ದು ಇಂಥದ್ದೇ ಇರಬೇಕು. ಎರಡನೆಯದಕ್ಕೆ ವಾರಗಳಿಂದ ತಿಂಗಳು ಹಿಡಿಯುತ್ತದೆ, ಬಿಡುವು ಸಿಕ್ಕ ಮೇಲೂ ಮೊದಲಿಗಿಂತ ಮೇಲೇರಿದ ಲಾಭವಿಲ್ಲ. ಮೂರನೆಯದು ನಿಜವಾದ ‘ಓವರ್‌ಟ್ರೈನಿಂಗ್ ಸಿಂಡ್ರೋಮ್’, ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷವೂ ಬೇಕು. ಇದನ್ನು ಖಚಿತವಾಗಿ ಹಿಡಿದು ಕೊಡುವ ಒಂದೇ ಒಂದು ರಕ್ತಪರೀಕ್ಷೆಯೂ ಇಲ್ಲ. ಬೇರೆ ಕಾಯಿಲೆಗಳು ಇಲ್ಲವೆಂದು ಖಾತ್ರಿಯಾದ ಮೇಲೆ ಉಳಿಯುವ ತೀರ್ಮಾನ ಅದು.

ಹಾಗಾದರೆ ಗೊತ್ತುಮಾಡಿಕೊಳ್ಳುವುದು ಹೇಗೆ? ಸಾವಿರಾರು ರೂಪಾಯಿಯ ಗಡಿಯಾರ ಕಟ್ಟಿಕೊಂಡವರಿಗೆ ಬೇಸರವಾಗಬಹುದು. ಕ್ರೀಡಾಪಟುಗಳ ಮೇಲಿನ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2016ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಒಂದು ವಿಮರ್ಶೆ ಪ್ರಕಟಿಸಿತು. ಹೃದಯ ಬಡಿತ, ಹಾರ್ಮೋನು ಮುಂತಾದ ಅಳತೆಗಳಿಗಿಂತ ‘ಹೇಗಿದ್ದೀರಿ?’ ಎಂದು ಕೇಳಿ ಬರೆಸಿಕೊಂಡ ಉತ್ತರವೇ ತರಬೇತಿಯ ಹೊರೆಯನ್ನು ಹೆಚ್ಚು ಸರಿಯಾಗಿ ತೋರಿಸುತ್ತದೆ ಎಂಬುದು ಅದರ ಸಾರ. ಮೈ ದಣಿದಿದ್ದರೂ ನಿದ್ದೆ ಹತ್ತದಿರುವುದು, ಮೇಲಿಂದ ಮೇಲೆ ನೆಗಡಿ, ಮನೆಯವರ ಮೇಲೆ ಸುಮ್ಮನೆ ರೇಗುವುದು, ಹಗುರವಾಗಿದ್ದ ತೂಕ ಭಾರವೆನಿಸುವುದು, ಬೆಳಗಿನ ಅಲಾರಂ ಕೇಳಿದರೆ ಎದೆ ಧಸಕ್ಕೆನ್ನುವುದು. ಎರಡು ವಾರ ಹೀಗೆಯೇ ನಡೆದರೆ ಅದು ಸೋಮಾರಿತನವಲ್ಲ.

ವಿರಾಟ್ ಕೊಹ್ಲಿಯ ಉದಾಹರಣೆ ನಮಗೆ ಹತ್ತಿರದ್ದು. ಫಿಟ್‌ನೆಸ್ ಎಂದರೆ ಕೊಹ್ಲಿ ಎನ್ನುವಂತಿದ್ದ ಆಟಗಾರ 2019ರ ನವೆಂಬರ್ ಬಳಿಕ ಅಂತರರಾಷ್ಟ್ರೀಯ ಶತಕವನ್ನೇ ಹೊಡೆದಿರಲಿಲ್ಲ. 2022ರ ಇಂಗ್ಲೆಂಡ್ ಪ್ರವಾಸದ ಬಳಿಕ ಬಿಡುವು ಪಡೆದರು. ಹತ್ತು ವರ್ಷಗಳಲ್ಲಿ ಮೊದಲ ಸಲ ತಿಂಗಳಿಡೀ ಬ್ಯಾಟ್ ಮುಟ್ಟಲಿಲ್ಲವೆಂದೂ, ಅದಕ್ಕೂ ಮುನ್ನ ಮೈದಾನದಲ್ಲಿ ಇಲ್ಲದ ಹುರುಪನ್ನು ಇದೆಯೆಂದು ತೋರಿಸಿಕೊಳ್ಳುತ್ತಿದ್ದೆನೆಂದೂ ಆ ಆಗಸ್ಟ್‌ನಲ್ಲಿ ಸಂದರ್ಶನವೊಂದರಲ್ಲಿ ಒಪ್ಪಿಕೊಂಡರು. ಸೆಪ್ಟೆಂಬರ್ 8ರಂದು ದುಬೈನಲ್ಲಿ ಅಫ್ಗಾನಿಸ್ತಾನದ ವಿರುದ್ಧ 61 ಎಸೆತಗಳಲ್ಲಿ ಅಜೇಯ 122 ಬಂತು. ಒಂದು ಇನಿಂಗ್ಸ್‌ನಿಂದ ವಿಜ್ಞಾನ ಸಾಬೀತಾಗುವುದಿಲ್ಲ, ಆದರೆ ಆ ಬಿಡುವಿನಿಂದ ಅವರ ಆಟಕ್ಕೆ ನಷ್ಟವಂತೂ ಆಗಲಿಲ್ಲ.

ಬಿಟ್ಟರೆ ಎಲ್ಲಾ ಕರಗಿ ಹೋಗುತ್ತದೆ ಎಂಬ ಭಯವೇ ಬಹಳ ಜನರನ್ನು ಬಿಡುವು ತೆಗೆದುಕೊಳ್ಳಲು ಬಿಡುವುದಿಲ್ಲ. ಷಿಕಾಗೋದಲ್ಲಿ ರಾಬರ್ಟ್ ಹಿಕ್ಸನ್ 1980ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಭಯಕ್ಕೆ ಮದ್ದು. ಹತ್ತು ವಾರಗಳ ಕಾಲ, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ ಮಾಡಿದವರನ್ನು ಆಮೇಲೆ ನಾಲ್ಕು ಅಥವಾ ಎರಡೇ ದಿನಕ್ಕೆ ಇಳಿಸಲಾಯಿತು. 15 ವಾರ ಕಳೆದರೂ ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಇಳಿಯಲಿಲ್ಲ. ಆದರೆ ದಿನಗಳನ್ನು ಹಾಗೇ ಉಳಿಸಿ ಬಿರುಸನ್ನು ತಗ್ಗಿಸಿದಾಗ ಸಾಮರ್ಥ್ಯ ಕುಸಿಯಿತು. ಬಿಡುವಿನ ವಾರದಲ್ಲಿ ಏನನ್ನು ಕಡಿಮೆ ಮಾಡಬೇಕು ಎಂಬುದು ಇದರಿಂದ ತಿಳಿಯುತ್ತದೆ. ದಿನ, ಹೊತ್ತು, ಸೆಟ್‌ಗಳ ಸಂಖ್ಯೆ ಅರ್ಧವಾಗಲಿ. ಮಾಡುವ ಸ್ವಲ್ಪವನ್ನು ಗಟ್ಟಿಯಾಗಿ ಮಾಡಿದರೆ ಸಾಕು. ತರಬೇತುದಾರರು ‘ಡಿಲೋಡ್’ ಎನ್ನುವ ಇಂಥ ವಾರವನ್ನು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಜಾಣತನ. ಮೈ ಪೂರ್ತಿ ಮುಷ್ಕರ ಹೂಡಿದವರ ವಿಷಯ ಬೇರೆ, ಅವರು ಬಿರುಸನ್ನೂ ಬಿಡಲೇಬೇಕು.

ಓಟಗಾರರಿಗೆ ಇನ್ನೊಂದು ಮಾತು. ವಿಶ್ವಮಟ್ಟದ ಓಟಗಾರರ, ಸ್ಕೀಯಿಂಗ್ ಪಟುಗಳ ತರಬೇತಿಯನ್ನು ಗಮನಿಸಿದ ಸ್ಟೀಫನ್ ಸೀಲರ್ ಕಂಡದ್ದು, ಅವರ ತರಬೇತಿಯಲ್ಲಿ ಶೇ 80ರಷ್ಟು ತೀರಾ ಹಗುರ, ಉಳಿದದ್ದು ಬಲು ಬಿರುಸು. ಹವ್ಯಾಸಿಗಳು ಮಾಡುವುದು ಎರಡೂ ಅಲ್ಲ. ದಿನವೂ ಮಧ್ಯಮಕ್ಕಿಂತ ತುಸು ಹೆಚ್ಚಿನ ಏದುಸಿರಿನಲ್ಲಿ ಓಡಿ, ಹಗುರ ದಿನದ ವಿಶ್ರಾಂತಿಯನ್ನೂ ಬಿರುಸಿನ ದಿನದ ಲಾಭವನ್ನೂ ಕಳೆದುಕೊಳ್ಳುತ್ತಾರೆ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲಾಗದಿದ್ದರೆ ಅದು ಹಗುರ ಓಟವಲ್ಲ.

ಅಂಕಿಯ ಹಿಂದೆ ಬಿದ್ದ ಮನಸ್ಸು

ಸ್ನಾಯು ಸುಧಾರಿಸಿದರೂ ಮನಸ್ಸು ಸುಧಾರಿಸದವರಿದ್ದಾರೆ. 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ಹಣ ಪಡೆದವರು, ಹಣ ನಿಂತ ಮೇಲೆ ಬಿಡುವಿನ ಹೊತ್ತಿನಲ್ಲಿ ಒಗಟನ್ನು ಮೊದಲಿನಷ್ಟು ಮುಟ್ಟಲಿಲ್ಲ. ಖುಷಿಗೆ ಮಾಡುತ್ತಿದ್ದುದು ಕೂಲಿಯಾಗಿಬಿಟ್ಟಿತ್ತು. ಈಗಿನ ಆ್ಯಪ್‌ಗಳ ಪದಕ, ಪಟ್ಟಿ, ‘ಸತತ ಇಷ್ಟು ದಿನ’ ಎಂಬ ಲೆಕ್ಕಗಳೂ ಇದೇ ಕೆಲಸ ಮಾಡಬಲ್ಲವು. ಒಂದು ದಿನ ತಪ್ಪಿ ಸರಪಳಿ ಕಡಿದರೆ ಪೂರಾ ಕೈಬಿಡುವವರು ಅದಕ್ಕೇ ಸಿಗುತ್ತಾರೆ. ಕೆಲ ವಾರ ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಶಟಲ್ ಆಡಿದರೆ, ಈಜಿದರೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ವ್ಯಾಯಾಮ ತಪ್ಪಿತೆಂದೇನೂ ಆಗುವುದಿಲ್ಲ.

ಬಗೆಬಗೆಯ ಸಾಮು ನಮಗೆ ಹೊಸದೂ ಅಲ್ಲ. ಮೈಸೂರಿನ ಗರಡಿ ಮನೆಗಳಲ್ಲಿ ದಂಡ, ಬಸ್ಕಿ, ಗದೆ ತಿರುಗಿಸುವುದರ ಜೊತೆಗೆ ಕುಸ್ತಿ ಕಣದ ಮಟ್ಟಿ ಅಗೆಯುವುದೂ ವ್ಯಾಯಾಮವೇ. ಜೋಡಿ ಬಿಡುವುದಕ್ಕೆ ಒಂದು ಹೊತ್ತು, ಎಣ್ಣೆ ತಿಕ್ಕಿಸಿಕೊಂಡು ಮಲಗುವುದಕ್ಕೆ ಇನ್ನೊಂದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸುತ್ತ, 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದವರು. ಬಾರ್‌ಬೆಲ್ ಎತ್ತುವ ಮೈಗೆ ಸೂರ್ಯನಮಸ್ಕಾರ, ಹಠಯೋಗಗಳೂ ಬೇಕೆಂಬುದು ಅವರ ಪಾಠವಾಗಿತ್ತು. ಆ ಮೈಕಟ್ಟಿನ ಮನುಷ್ಯ ಕಾದಂಬರಿಗೂ ನಾಟಕಕ್ಕೂ ಸಮಯ ಮಾಡಿಕೊಂಡರು.

ಕೊನೆಯದಾಗಿ, ವ್ಯಾಯಾಮಕ್ಕೆ ಸಂಬಂಧವೇ ಇಲ್ಲದ ಕಾರಣಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ ಒಂಬತ್ತಿರುವ ಮಹಿಳೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಸ್ಟ್ಯಾಮಿನಾದ ಕೊರತೆಯಿಂದಲ್ಲ, ಎಷ್ಟು ಓಡಿದರೂ ಅದು ಸರಿಹೋಗುವುದಿಲ್ಲ. ಥೈರಾಯ್ಡ್, ಬಿ12 ಕೊರತೆಗಳದ್ದೂ ಇದೇ ಕಥೆ. ಇವಕ್ಕೆಲ್ಲ ಪ್ರಿ-ವರ್ಕೌಟ್ ಪುಡಿ ಪರಿಹಾರವಲ್ಲ. ಅದರಲ್ಲಿ ಕೆಲಸ ಮಾಡುವುದು ಬಹುಪಾಲು ಕೆಫೀನ್, ಅದು ದಣಿವನ್ನು ಮರೆಸುತ್ತದೆ, ನೀಗಿಸುವುದಿಲ್ಲ.

ಆದ್ದರಿಂದ ತಿಂಗಳುಗಟ್ಟಲೆ ಒಂದೇ ಕಡೆ ನಿಂತವರು ಹೊಸ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ, ಒಂದು ವಾರ ನಿದ್ದೆಯ ಲೆಕ್ಕ ಬರೆದಿಡಿ. ಎರಡೂ ಸರಿಯಿದ್ದರೆ ನಿಮ್ಮ ಜಿಮ್‌ನವರಿಗೆ 1.25 ಕೆ.ಜಿ.ಯ ಒಂದು ಜೋಡಿ ತಟ್ಟೆ ತರಿಸಲು ಹೇಳಿ.